ಓಡುವ ಕಾಲಿಗೆ ಅಡುಗೆಮನೆಯ ಬಲ

ಚಾಮರಾಜನಗರ ಬಿಟ್ಟು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದರೆ ಸತ್ಯಮಂಗಲ, ಮುಂದೆ ಪುಳಿಯಂಪಟ್ಟಿ, ಆಮೇಲೆ ಅನ್ನೂರು. ಕೊಯಮತ್ತೂರಿಗೆ ಇನ್ನೂ ಮೂವತ್ತು ಕಿಲೋಮೀಟರ್ ಇರುವಾಗ ಸಿಗುವ ಊರು. ಇದರ ಸುತ್ತಲ ಹಳ್ಳಿಗಳಲ್ಲಿ, ಅವಿನಾಶಿಯ ಕಡೆಗೂ ಸಿರುಮುಗೈ ಕಡೆಗೂ, ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗರು, ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಮಳೆ ಕಡಿಮೆ ಬೀಳುವ ಸೀಮೆ. ಜೋಳ, ಕಡಲೆಕಾಯಿ, ಹುರುಳಿ ಬೆಳೆದುಕೊಂಡು ಬಂದ ನೆಲ. ಘಟ್ಟದ ಮೇಲಿನ ಮುದ್ದೆಯೂ ಕೆಳಗಿನ ಅನ್ನವೂ ಇಲ್ಲಿ ಒಂದೇ ತಟ್ಟೆಗೆ ಬರುತ್ತವೆ.

ಇಂಥ ಊರುಗಳ ಮೈದಾನದಲ್ಲಿ ಬೆಳಗಿನ ಜಾವ ಓಡುವವರು ಯಾರು? ಶಾಲೆಯ ಕಬಡ್ಡಿ, ಖೋ ಖೋ ತಂಡದ ಮಕ್ಕಳು, ಡಿಸೆಂಬರಿನ ಕೊಯಮತ್ತೂರು ಮ್ಯಾರಥಾನ್‌ಗೆ ತಯಾರಾಗುವ ಒಂದಿಬ್ಬರು, ಅವರಿಗಿಂತ ಹೆಚ್ಚಾಗಿ ಸಮವಸ್ತ್ರದ ಕೆಲಸಕ್ಕೆ ಆಸೆಪಟ್ಟ ಹುಡುಗ ಹುಡುಗಿಯರು. ತಮಿಳುನಾಡಿನ ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಗೆ ಗಂಡುಮಕ್ಕಳು 1500 ಮೀಟರನ್ನು ಏಳು ನಿಮಿಷದೊಳಗೆ ಮುಗಿಸಬೇಕು. ಆ ಏಳು ನಿಮಿಷಕ್ಕಾಗಿ ತಿಂಗಳುಗಟ್ಟಲೆ ಬೆವರು ಹರಿಸುತ್ತಾರೆ. ಎದ್ದವರೇ ಒಂದು ಲೋಟ ಕಾಫಿ, ಇಲ್ಲವೇ ಅದೂ ಇಲ್ಲ. ಒಂದೂವರೆ ಗಂಟೆ ಅಭ್ಯಾಸ. ಬಳಿಕ ಮನೆಗೆ ಓಡಿ, ಸ್ನಾನ ಮಾಡಿ, ಕಾಲೇಜಿಗೋ ತಿರುಪ್ಪೂರಿನ ಬನಿಯನ್ ಕಂಪನಿಗೋ ಬಸ್ಸು ಹತ್ತುತ್ತಾರೆ. ಹೊಟ್ಟೆಗೆ ಸರಿಯಾಗಿ ಏನಾದರೂ ಬೀಳುವುದು ಮಧ್ಯಾಹ್ನ. ಕಾಲು ಸೋಲತೊಡಗಿದಾಗ ಜಿಮ್‌ನ ಪಕ್ಕದ ಅಂಗಡಿಯಲ್ಲಿ ಸಾಲಾಗಿ ಜೋಡಿಸಿದ ಡಬ್ಬಗಳ ಕಡೆ ಕಣ್ಣು ಹೋಗುತ್ತದೆ.

ಆ ಡಬ್ಬದಲ್ಲಿ ಇರುವುದೆಲ್ಲ ಬಹುಮಟ್ಟಿಗೆ ಮನೆಯ ಅಡುಗೆಮನೆಯಲ್ಲೇ ಇದೆ. ಕೊರತೆ ಇರುವುದು ಎರಡು ಕಡೆ: ತಿನ್ನುವ ಪ್ರಮಾಣದಲ್ಲಿ ಮತ್ತು ತಿನ್ನುವ ಹೊತ್ತಿನಲ್ಲಿ. ಕ್ರೀಡಾ ಪೋಷಣೆ ಎಂಬ ಶಾಸ್ತ್ರ ಕಳೆದ ನೂರು ವರ್ಷಗಳಲ್ಲಿ ಕಂಡುಕೊಂಡಿದ್ದರಲ್ಲಿ ಹಳ್ಳಿಯ ಓಟಗಾರನಿಗೆ ಬೇಕಾದ ಮುಖ್ಯ ಭಾಗ ಇಷ್ಟೇ.

ಒಂದು ಸೈಕಲ್, ಎರಡು ಕಾಲು

ಆ ಶಾಸ್ತ್ರದ ದೊಡ್ಡ ಪ್ರಯೋಗಗಳಲ್ಲಿ ಒಂದು ಬಹಳ ಸರಳವಾದದ್ದು. 1966ರಲ್ಲಿ ಸ್ವೀಡನ್ನಿನ ಯೋನಾಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ಇಬ್ಬರು ವೈದ್ಯರು ತಮ್ಮ ಮೇಲೆಯೇ ಅದನ್ನು ಮಾಡಿಕೊಂಡರು. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಕುಳಿತರು. ಒಬ್ಬೊಬ್ಬರೂ ಒಂದೊಂದೇ ಕಾಲಿನಿಂದ, ಇನ್ನು ಆಗದು ಎನ್ನುವವರೆಗೆ ತುಳಿದರು. ಇನ್ನೊಂದು ಕಾಲು ಸುಮ್ಮನಿತ್ತು. ತೊಡೆಯ ಸ್ನಾಯುವಿನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷಿಸಿದಾಗ, ದುಡಿದ ಕಾಲಿನಲ್ಲಿ ಗ್ಲೈಕೋಜನ್, ಎಂದರೆ ಸ್ನಾಯು ಕೂಡಿಟ್ಟುಕೊಂಡ ಇಂಧನ, ಬರಿದಾಗಿತ್ತು. ಮುಂದಿನ ಮೂರು ದಿನ ಇಬ್ಬರೂ ಶರ್ಕರಪಿಷ್ಟ ಹೇರಳವಾಗಿರುವ ಊಟವನ್ನೇ ಮಾಡಿದರು. ಮತ್ತೆ ಪರೀಕ್ಷಿಸಿದರೆ, ದುಡಿದ ಕಾಲಿನ ದಾಸ್ತಾನು ಸುಮ್ಮನಿದ್ದ ಕಾಲಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು.

ನಾವು ತಿಂದ ಅನ್ನ, ಮುದ್ದೆ, ಇಡ್ಲಿ, ಬಾಳೆಹಣ್ಣು ಎಲ್ಲವೂ ಕೊನೆಗೆ ಗ್ಲೂಕೋಸ್ ಆಗುತ್ತವೆ. ತಕ್ಷಣ ಖರ್ಚಾಗದ ಗ್ಲೂಕೋಸನ್ನು ಮೈ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಸ್ನಾಯುಗಳಲ್ಲೆಲ್ಲ ಸೇರಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಜೋರಾಗಿ ಓಡುವಾಗ ಉರಿಯುವ ಮುಖ್ಯ ಇಂಧನ ಇದೇ. ಸ್ವೀಡನ್ನಿನ ಪ್ರಯೋಗದಿಂದ ಇನ್ನೂ ಒಂದು ಸಂಗತಿ ತಿಳಿಯಿತು: ದುಡಿದ ಸ್ನಾಯುವೇ ಹಸಿದು ತುಂಬಿಕೊಳ್ಳುತ್ತದೆ, ಮತ್ತು ಒಂದು ಸ್ನಾಯುವಿನ ದಾಸ್ತಾನು ಪಕ್ಕದ ಸ್ನಾಯುವಿಗೆ ಸಾಲವಾಗಿ ಸಿಗುವುದಿಲ್ಲ. ಮರುವರ್ಷ ಅದೇ ಗುಂಪು ಇನ್ನೊಂದು ಲೆಕ್ಕ ಮುಂದಿಟ್ಟಿತು. ಕೊಬ್ಬು ಮತ್ತು ಪ್ರೋಟೀನ್ ಮಾತ್ರ ತಿಂದವರು ನಿಗದಿತ ವೇಗದಲ್ಲಿ ಸರಾಸರಿ 57 ನಿಮಿಷ ಸೈಕಲ್ ತುಳಿದು ಸೋತರು. ಸಾಧಾರಣ ಮಿಶ್ರ ಊಟ ಮಾಡಿದವರು 114 ನಿಮಿಷ ತುಳಿದರು. ಶರ್ಕರಪಿಷ್ಟವನ್ನು ಹೆಚ್ಚಾಗಿ ತಿಂದವರು 167 ನಿಮಿಷ. ಅದೇ ಮನುಷ್ಯರು, ಅದೇ ಸೈಕಲ್; ಬದಲಾದದ್ದು ತಟ್ಟೆ ಮಾತ್ರ.

ಇದಕ್ಕೂ ಹಿಂದೆ, 1924ರಲ್ಲಿ, ಅಮೆರಿಕದ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತವನ್ನು ವೈದ್ಯ ಸ್ಯಾಮ್ಯುಯೆಲ್ ಲೆವಿನ್ ತಂಡ ಪರೀಕ್ಷಿಸಿತ್ತು. ತೀರ ಬಳಲಿ ಬಂದವರ ರಕ್ತದಲ್ಲಿ ಸಕ್ಕರೆ ತಳಮುಟ್ಟಿತ್ತು. ಮರುವರ್ಷದ ಓಟದಲ್ಲಿ ಕೆಲವರಿಗೆ ನಡುನಡುವೆ ಮಿಠಾಯಿ ತಿನ್ನಿಸಿದರು. ಅವರು ಗುರಿ ಮುಟ್ಟಿದಾಗ ಗೆಲುವಾಗಿದ್ದರು.

ಹಾಗಾದರೆ ಏಳು ನಿಮಿಷದ ಓಟಕ್ಕೆ ಇಷ್ಟೆಲ್ಲ ಬೇಕೆ? 1500 ಮೀಟರ್ ಒಂದೇ ಸಲ ಓಡಿದರೆ ಯಾರ ಗ್ಲೈಕೋಜನ್ನೂ ಬರಿದಾಗುವುದಿಲ್ಲ. ಬರಿದು ಮಾಡುವುದು ಅದಕ್ಕಾಗಿ ಮಾಡುವ ಅಭ್ಯಾಸ: 400 ಮೀಟರಿನ ಸುತ್ತುಗಳನ್ನು ಮತ್ತೆ ಮತ್ತೆ ಓಡುವುದು, ಮೇಲೆ ಉದ್ದ ಜಿಗಿತ, ಹಗ್ಗ ಹತ್ತುವುದು, ವಾರಕ್ಕೆ ಆರು ದಿನ. ರಾತ್ರಿ ಎಂಟಕ್ಕೆ ಉಂಡು ಮಲಗಿದವನ ಯಕೃತ್ತು ಬೆಳಗಿನ ಹೊತ್ತಿಗೆ ತನ್ನ ದಾಸ್ತಾನಿನ ದೊಡ್ಡ ಪಾಲನ್ನು ಮಿದುಳಿಗೆ ಉಣಿಸಿ ಮುಗಿಸಿರುತ್ತದೆ. ಹಗುರವಾದ ಓಟವಾದರೆ ಖಾಲಿ ಹೊಟ್ಟೆಯಲ್ಲೂ ನಡೆದೀತು. ವೇಗದ ಸುತ್ತುಗಳ ದಿನ ಅದು ನಡೆಯದು. ಎದ್ದೊಡನೆ ಒಂದೆರಡು ಬಾಳೆಹಣ್ಣು, ಇಲ್ಲವೇ ಬೆಲ್ಲ ಹಾಕಿದ ಒಂದು ಲೋಟ ರಾಗಿ ಮಾಲ್ಟ್ ಸಾಕು, ಆಮೇಲಿನ ಒಂದು ಗಂಟೆಯ ಚಹರೆಯೇ ಬೇರೆಯಾಗುತ್ತದೆ. ಮುದ್ದೆ ಉಂಡು ಮೈದಾನಕ್ಕೆ ಇಳಿಯುವುದು ಬೇಡ. ಅದು ಅರಗಲು ಹೊತ್ತು ಬೇಕು, ಅದರ ಜಾಗ ಹಿಂದಿನ ರಾತ್ರಿಯ ಊಟ.

ಪ್ರಮಾಣದ ಮಾತಿಗೆ ಬಂದರೆ, ಅಮೆರಿಕದ ಮತ್ತು ಕೆನಡಾದ ಕ್ರೀಡಾವೈದ್ಯ, ಆಹಾರತಜ್ಞರ ಸಂಘಗಳು 2016ರಲ್ಲಿ ಒಟ್ಟಾಗಿ ಕೊಟ್ಟ ಸಲಹೆ ಇವತ್ತಿಗೂ ಬಳಕೆಯಲ್ಲಿದೆ. ದಿನಕ್ಕೆ ಒಂದು ಗಂಟೆಯಷ್ಟು ಸಾಧಾರಣ ಅಭ್ಯಾಸ ಮಾಡುವವರಿಗೆ ಮೈತೂಕದ ಪ್ರತಿ ಕಿಲೋಗೆ 5ರಿಂದ 7 ಗ್ರಾಂ ಶರ್ಕರಪಿಷ್ಟ. ಒಂದರಿಂದ ಮೂರು ಗಂಟೆ ದುಡಿಯುವ ದೂರದ ಓಟಗಾರರಿಗೆ 6ರಿಂದ 10 ಗ್ರಾಂ. ಅರವತ್ತು ಕಿಲೋ ತೂಗುವ ಅನ್ನೂರಿನ ಹುಡುಗನಿಗೆ ಮೊದಲ ಲೆಕ್ಕದಲ್ಲಿ ದಿನಕ್ಕೆ 300ರಿಂದ 420 ಗ್ರಾಂ. ಅಕ್ಕಿ, ರಾಗಿ, ಇಡ್ಲಿ ಎಲ್ಲ ಸೇರಿ 300 ಗ್ರಾಂ ಧಾನ್ಯ ಬೇಯಿಸಿ ತಿಂದರೆ ಸುಮಾರು 220 ಗ್ರಾಂ ಬರುತ್ತದೆ. ಮೂರು ಬಾಳೆಹಣ್ಣು, ಅರ್ಧ ಲೀಟರ್ ಹಾಲು ಮೊಸರು, ಒಂದು ಹಿಡಿ ಬೇಳೆಕಾಳು, ಸ್ವಲ್ಪ ಬೆಲ್ಲ ಸೇರಿದರೆ ಲೆಕ್ಕ ತುಂಬುತ್ತದೆ. ಅನ್ನ ತಿಂದರೆ ಹೊಟ್ಟೆ ಬರುತ್ತದೆ ಎಂದು ಮೊಬೈಲಿನಲ್ಲಿ ನೋಡಿ ಅನ್ನ ಬಿಟ್ಟ ಓಟಗಾರರು ಈಗ ಊರೂರಲ್ಲಿ ಇದ್ದಾರೆ. ಕುಳಿತು ಕೆಲಸ ಮಾಡುವ ನಡುವಯಸ್ಕರಿಗೆ ಹೇಳಿದ ಮಾತನ್ನು ದಿನಾ ಹತ್ತು ಕಿಲೋಮೀಟರ್ ಓಡುವ ಹತ್ತೊಂಬತ್ತರ ಹುಡುಗ ತನಗೆ ಹಚ್ಚಿಕೊಂಡರೆ ಆಗುವ ನಷ್ಟ ಸಣ್ಣದಲ್ಲ.

ಗಂಜಿ ಮತ್ತು ನೂರನೇ ಒಂದು ಸೆಕೆಂಡು

1984ರ ಆಗಸ್ಟ್ 8. ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಫೈನಲ್. ಮೊರಾಕೊದ ನವಾಲ್ ಎಲ್ ಮುತವಕೆಲ್ ಗೆದ್ದರು. ಮೂರನೆಯ ಸ್ಥಾನಕ್ಕೆ ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡಿನಲ್ಲಿ ಬಂದರೆ, ನಾಲ್ಕನೆಯವರಾಗಿ ಪಿ.ಟಿ. ಉಷಾ 55.42ರಲ್ಲಿ ಬಂದರು. ಒಲಿಂಪಿಕ್ ಗ್ರಾಮದಲ್ಲಿ ತಮಗೆ ಒಗ್ಗುವ ಊಟ ಸಿಗದೆ ಉಪ್ಪಿನಕಾಯಿಯೊಂದಿಗೆ ಅಕ್ಕಿ ಗಂಜಿ ಕುಡಿದು ದಿನ ದೂಡಬೇಕಾಯಿತು, ಕೊನೆಯ 35 ಮೀಟರಿನಲ್ಲಿ ಅದರ ಪೆಟ್ಟು ಬಿತ್ತು ಎಂದು ಅವರು ಎಷ್ಟೋ ವರ್ಷದ ಮೇಲೆ ಹೇಳಿಕೊಂಡರು.

ಇದನ್ನು ಗಂಜಿಯ ಮೇಲಿನ ದೂರು ಎಂದು ಓದಬಾರದು. ತೆಳುವಾದ ಗಂಜಿಯ ದೊಡ್ಡ ಲೋಟದಲ್ಲಿ ಬಹುಪಾಲು ನೀರೇ ಇರುತ್ತದೆ. ಹೊಟ್ಟೆ ತುಂಬುತ್ತದೆ, ಅಕ್ಕಿ ಸಾಲುವುದಿಲ್ಲ, ಪ್ರೋಟೀನ್ ಇರುವುದೇ ಇಲ್ಲ ಎನ್ನಬೇಕು. ಅಂಬಲಿ, ಗಂಜಿ ಕುಡಿದು ಹೊಲಕ್ಕೆ ಹೋದ ಹಿರಿಯರು ದಿನಕ್ಕೆ ಹಲವು ಸಲ ಕುಡಿಯುತ್ತಿದ್ದರು, ಜೊತೆಗೆ ಕಾಳಿನ ಸಾರು, ಮಜ್ಜಿಗೆ ಇರುತ್ತಿದ್ದವು. ಒಂದೇ ಲೋಟ ಕುಡಿದು ಅಭ್ಯಾಸಕ್ಕೆ ಹೋಗುವವನಿಗೆ ಆ ಬಲ ಬರದು.

ಇದಕ್ಕೊಂದು ಪರಿಹಾರ ನಮ್ಮ ಮೈಸೂರಿನಲ್ಲೇ ಇದೆ. ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ರಾಗಿಹಿಟ್ಟಿನಲ್ಲಿ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಹೆಚ್ಚಿರುತ್ತದೆ. ಆದ್ದರಿಂದ ಅದರ ಗಂಜಿ ಬೇಗ ಗಟ್ಟಿಯಾಗದು. ಸಾದಾ ಹಿಟ್ಟು ಎರಡು ಚಮಚ ಹಾಕಿದರೇ ಮಂದವಾಗುವ ಲೋಟಕ್ಕೆ ಮೊಳಕೆಯ ಹಿಟ್ಟನ್ನು ಅದಕ್ಕಿಂತ ಹೆಚ್ಚು ಹಾಕಿಯೂ ಸರಾಗವಾಗಿ ಕುಡಿಯಬಹುದು. 1950ರಲ್ಲಿ ಅಲ್ಲಿ ಆರಂಭವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಇದನ್ನು ಎಳೆಯ ಮಕ್ಕಳ ಆಹಾರಕ್ಕಾಗಿ ಅಧ್ಯಯನ ಮಾಡಿದರು. ಸಣ್ಣ ಹೊಟ್ಟೆಯಲ್ಲಿ ಹೆಚ್ಚು ಕಾಳು ಸೇರಬೇಕೆಂಬುದು ಅವರ ಗುರಿ. ಬೆಳಗ್ಗೆ ಐದಕ್ಕೆ ಏನೂ ಸೇರದು ಎನ್ನುವ ಓಟಗಾರನ ತೊಂದರೆಯೂ ಅದೇ.

ಹುರುಳಿ, ಮೊಟ್ಟೆ, ಮಜ್ಜಿಗೆ

ಪ್ರೋಟೀನಿನ ಬಗ್ಗೆ ಇರುವಷ್ಟು ಗಾಬರಿ ಬೇರೆ ಯಾವುದರ ಬಗ್ಗೆಯೂ ಇಲ್ಲ. ಮೇಲೆ ಹೇಳಿದ 2016ರ ಸಲಹೆಯ ಪ್ರಕಾರ ಕ್ರೀಡಾಪಟುವಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 2 ಗ್ರಾಂ ಬೇಕು. ನಮ್ಮ ಅರವತ್ತು ಕಿಲೋದ ಹುಡುಗನಿಗೆ ಅದು 72 ಗ್ರಾಂನಿಂದ ಶುರುವಾಗುತ್ತದೆ. ಮನೆಯಲ್ಲಿ ಇರುವುದನ್ನೇ ಕೂಡಿಸಿ ನೋಡೋಣ. 300 ಗ್ರಾಂ ಧಾನ್ಯದಲ್ಲಿ ಇಪ್ಪತ್ತು ಗ್ರಾಂಗೂ ಮೇಲೆ ಪ್ರೋಟೀನ್ ಇದೆ, ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. 60 ಗ್ರಾಂ ಹುರುಳಿಯಲ್ಲೋ ಬೇಳೆಯಲ್ಲೋ 13. ಒಂದು ದೊಡ್ಡ ಹಿಡಿ, ಎಂದರೆ 50 ಗ್ರಾಂ ಕಡಲೆಕಾಯಿ ಬೀಜದಲ್ಲಿ 12. ಎರಡು ಮೊಟ್ಟೆಯಲ್ಲಿ 12. ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16. ಎಪ್ಪತ್ತೈದರ ಸುತ್ತಮುತ್ತ ಬಂತು. ಮೊಟ್ಟೆ ತಿನ್ನದ ಮನೆಯಲ್ಲಿ ಹಾಲು, ಕಾಳು ಹೆಚ್ಚಾಗಬೇಕು. ಮೀನು, ಕೋಳಿ ಮಾಡುವ ಮನೆಯಲ್ಲಿ ಇನ್ನೂ ಸುಲಭ.

ಕೊಯಮತ್ತೂರು ಸುತ್ತಲಿನ ಈ ಸೀಮೆಯ, ಎಂದರೆ ಕೊಂಗು ನಾಡಿನ, ಅಡುಗೆ ಈ ವಿಷಯದಲ್ಲಿ ಬಲು ಜಾಣ. ಅಕ್ಕಿ ಮತ್ತು ತೊಗರಿಬೇಳೆಯನ್ನು ಒಟ್ಟಿಗೇ ಬೇಯಿಸುವ ಅರಿಸಿ ಪರುಪ್ಪು ಸಾದಂ ಇಲ್ಲಿನ ಮನೆಮನೆಯ ಊಟ. ಅಕ್ಕಿ, ರಾಗಿ, ಜೋಳಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆ ಮತ್ತು ಹುರುಳಿ ಸಾರಿನ ಜೋಡಿಗೂ ಇದೇ ಮಾತು. ಒಂದೇ ತಕರಾರು: ಬೇಳೆಯ ಕಟ್ಟು ತೆಳುವಾಗಿ, ತಳದ ಬೇಳೆ ಪಾತ್ರೆಯಲ್ಲೇ ಉಳಿಯುವಂತೆ ಬಡಿಸುವ ರೂಢಿ. ಸಾರಿನ ತಿಳಿಯಲ್ಲಿ ರುಚಿ ಇದೆ, ಪ್ರೋಟೀನ್ ಇರುವುದು ತಳದಲ್ಲಿ.

ಇದನ್ನೆಲ್ಲ ಒಂದೇ ಹೊತ್ತಿಗೆ ಸುರಿದುಕೊಂಡರೆ ಪೂರ್ತಿ ಲಾಭವಿಲ್ಲ. 2009ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ವ್ಯಾಯಾಮ ಮುಗಿಸಿದ ಯುವಕರಿಗೆ ಬೇರೆ ಬೇರೆ ದಿನ 5, 10, 20, 40 ಗ್ರಾಂ ಮೊಟ್ಟೆಯ ಪ್ರೋಟೀನ್ ಕೊಟ್ಟು, ಸ್ನಾಯು ಕಟ್ಟುವ ವೇಗ ಅಳೆದರು. 20 ಗ್ರಾಂವರೆಗೆ ವೇಗ ಏರಿತು, 40ಕ್ಕೆ ಏರಿಸಿದರೆ ಹೇಳಿಕೊಳ್ಳುವ ಹೆಚ್ಚಳವಿರಲಿಲ್ಲ. ಆದ್ದರಿಂದ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕು ಹೊತ್ತಿಗೆ ಸುಮಾರು ಇಪ್ಪತ್ತಿಪ್ಪತ್ತು ಗ್ರಾಂ ಹಂಚಿದರೆ ಒಳ್ಳೆಯದು. ನಮ್ಮ ಮನೆಗಳಲ್ಲಿ ಬೆಳಗಿನ ತಿಂಡಿಯೇ ಬಡವಾಗಿರುತ್ತದೆ: ಮೂರು ಇಡ್ಲಿ, ನೀರು ಚಟ್ನಿ. ಆ ಚಟ್ನಿಗೆ ಕಡಲೆಕಾಯಿ ಬೀಜ ಧಾರಾಳವಾಗಿ ಬಿದ್ದು, ಪಕ್ಕದಲ್ಲೊಂದು ಮೊಟ್ಟೆಯೋ ಒಂದು ಲೋಟ ಹಾಲೋ ಬಂದರೆ ಕೆಲಸ ಆಯಿತು. ತಮಿಳುನಾಡಿನ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟದಲ್ಲಿ ದಿನಕ್ಕೊಂದು ಬೇಯಿಸಿದ ಮೊಟ್ಟೆ ಇದೆ. ಸಂಜೆ ಆಡುವ ಮಗು ಅದನ್ನು ತಟ್ಟೆಯಲ್ಲಿ ಬಿಟ್ಟು ಏಳದಂತೆ ನೋಡಿಕೊಳ್ಳುವುದು ದೈಹಿಕ ಶಿಕ್ಷಕರು ಮಾಡಬಹುದಾದ ದೊಡ್ಡ ಉಪಕಾರ.

ಅಭ್ಯಾಸ ಮುಗಿದ ಮೇಲಿನ ಹೊತ್ತು ಬೆಲೆಬಾಳುವಂಥದ್ದು. ದುಡಿದ ಸ್ನಾಯು ಮೊದಲ ಒಂದೆರಡು ಗಂಟೆ ಗ್ಲೂಕೋಸನ್ನು ಬೇಗ ಬೇಗ ಎಳೆದುಕೊಳ್ಳುತ್ತದೆ. ಅದೇ ದಿನ ಸಂಜೆ ಮತ್ತೆ ಪಂದ್ಯವಿದ್ದರೆ, ಮೊದಲ ನಾಲ್ಕು ಗಂಟೆ ಪ್ರತಿ ಗಂಟೆಗೂ ತೂಕದ ಕಿಲೋಗೆ ಒಂದು ಗ್ರಾಂನಂತೆ ಶರ್ಕರಪಿಷ್ಟ ಸೇರಬೇಕು. ದಿನಕ್ಕೊಂದೇ ಅಭ್ಯಾಸವಿರುವವರಿಗೆ ಅಷ್ಟು ಅವಸರವಿಲ್ಲ, ಆದರೆ ಮಧ್ಯಾಹ್ನದವರೆಗೆ ಉಪವಾಸವಿರುವುದೂ ಸಲ್ಲ. ಬಸ್ಸು ಹತ್ತುವವರ ಚೀಲದಲ್ಲಿ ಎರಡು ಬಾಳೆಹಣ್ಣು, ನಾಲ್ಕು ಕಡಲೆಮಿಠಾಯಿ, ಒಂದು ಡಬ್ಬಿ ಮೊಸರನ್ನ ಇದ್ದರೆ ಶರ್ಕರಪಿಷ್ಟ, ಪ್ರೋಟೀನ್, ಉಪ್ಪು ಮೂರೂ ಸಿಕ್ಕಂತೆ. ನಿದ್ದೆ ಇದಕ್ಕೆಲ್ಲ ತಳಹದಿ. ಐದಕ್ಕೆ ಏಳುವವನು ಹನ್ನೊಂದರವರೆಗೆ ಮೊಬೈಲು ನೋಡಿದರೆ ಯಾವ ಆಹಾರವೂ ಅದನ್ನು ತುಂಬಿಕೊಡದು.

ಬೆವರಿನ ಲೆಕ್ಕ

ಮಾರ್ಚ್ ಏಪ್ರಿಲ್‌ನ ಕೊಂಗು ನಾಡಿನ ಬಿಸಿಲಿನಲ್ಲಿ ಒಂದು ಗಂಟೆ ಆಡಿದವರ ಮೈಯಿಂದ ಒಂದು ಲೀಟರ್ ಬೆವರು ಹೋಗುವುದು ಸಾಮಾನ್ಯ. ತನ್ನ ಬೆವರೆಷ್ಟು ಎಂದು ತಿಳಿಯಲು ಪ್ರಯೋಗಾಲಯ ಬೇಡ, ತೂಕದ ಯಂತ್ರ ಸಾಕು. ಆಟದ ಮುಂಚೆ ಒಮ್ಮೆ, ಮೈ ಒರೆಸಿಕೊಂಡು ಆಮೇಲೊಮ್ಮೆ ತೂಗಬೇಕು. ಇಳಿದ ಒಂದು ಕಿಲೋ ಎಂದರೆ ಒಂದು ಲೀಟರ್ ನೀರು. ಮೈತೂಕದ ಶೇ 2ಕ್ಕಿಂತ ಹೆಚ್ಚು ಇಳಿದರೆ ಆಟ ಸಡಿಲವಾಗತೊಡಗುತ್ತದೆ.

ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ, ಮತ್ತು ಬರೀ ನೀರು ಅದನ್ನು ತುಂಬದು. 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ತಮ್ಮಲ್ಲಿನ ಫುಟ್‌ಬಾಲ್ ತಂಡಕ್ಕಾಗಿ ನೀರು, ಸಕ್ಕರೆ, ಉಪ್ಪು ಬೆರೆಸಿ ಗೇಟೊರೇಡ್ ಮಾಡಿದರು. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಒಳಹೋಗುವಾಗ ಸೋಡಿಯಂ ಜೊತೆಯಾಗಿಯೇ ಹೋಗುತ್ತದೆ, ನೀರು ಅವುಗಳ ಹಿಂದೆ ನುಗ್ಗುತ್ತದೆ. ಇದೇ ಅದರ ಹಿಂದಿನ ತತ್ತ್ವ. ನಮ್ಮ ದೇಶದಲ್ಲಿ ಅದೇ ತತ್ತ್ವ ಇನ್ನೂ ದೊಡ್ಡ ಕೆಲಸ ಮಾಡಿತು. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆಯ ದ್ರಾವಣ ಕುಡಿಸಿ ಸಾವಿರಾರು ಜೀವ ಉಳಿಸಿದರು. ಮೈದಾನದ ಪಾನೀಯವೂ ಆರೋಗ್ಯ ಕೇಂದ್ರದ ಓಆರ್‌ಎಸ್ ಪುಡಿಯೂ ಒಂದೇ ವಂಶದವು.

ಮನೆಯಲ್ಲಿ ಮಾಡಿಕೊಳ್ಳಲು ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಒಂದೂವರೆ ಗ್ರಾಂ ಉಪ್ಪು, ಒಂದು ನಿಂಬೆಹಣ್ಣು ಸಾಕು. ಇದು ಒಂದು ಗಂಟೆ ಮೀರಿದ ಆಟಕ್ಕೆ. ಅದಕ್ಕಿಂತ ಕಡಿಮೆಯಾದರೆ ನೀರೇ ಸರಿ. ಆಟದ ನಂತರಕ್ಕೆ ಉಪ್ಪು ಹಾಕಿದ ನೀರು ಮಜ್ಜಿಗೆಗಿಂತ ಮಿಗಿಲಾದದ್ದು ಹುಡುಕಬೇಕಾಗಿಲ್ಲ. ಎಳನೀರನ್ನು ಎಲ್ಲರೂ ಹೊಗಳುತ್ತಾರೆ, ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ ನಿಜ, ಆದರೆ ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಎಳನೀರಿನಲ್ಲಿ ಅದು ಕಡಿಮೆ. ಎಳನೀರಿನ ಜೊತೆ ಉಪ್ಪು ಸೇರಿದ ತಿಂಡಿ ಏನಾದರೂ ಇರಲಿ.

ಹಾಗೆಂದು ಹೆಚ್ಚು ಕುಡಿದಷ್ಟೂ ಒಳ್ಳೆಯದು ಎಂಬುದೂ ತಪ್ಪು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಅಪಾಯದ ಕಡೆಗೆ ಇಳಿದಿತ್ತು. ಓಡುತ್ತಾ ತೂಕ ಏರಿಸಿಕೊಂಡವರಲ್ಲೇ, ಎಂದರೆ ಬೆವರಿಗಿಂತ ಹೆಚ್ಚು ಕುಡಿದವರಲ್ಲೇ, ಇದು ಹೆಚ್ಚು ಕಂಡಿತು. ನಿಧಾನವಾಗಿ ಓಡುತ್ತಾ ಪ್ರತಿ ಮೇಜಿನಲ್ಲೂ ನೀರು ಕುಡಿಯುವವರು ಇದನ್ನು ನೆನಪಿಡಬೇಕು.

ನೀರು ಮತ್ತು ತೂಕದ ಈ ಆಟ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು 2024ರ ಆಗಸ್ಟ್ 7ರಂದು ಇಡೀ ದೇಶ ಕಂಡಿತು. ಪ್ಯಾರಿಸ್ ಒಲಿಂಪಿಕ್ಸ್‌ನ 50 ಕಿಲೋ ಕುಸ್ತಿಯ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಬೆಳಗಿನ ತೂಕದಲ್ಲಿ 100 ಗ್ರಾಂ ಹೆಚ್ಚಿದ್ದರು, ಅನರ್ಹರಾದರು. ಹಿಂದಿನ ದಿನ ಮೂರು ಕುಸ್ತಿ ಆಡಲು ತಿಂದು ಕುಡಿದದ್ದರಿಂದ ತೂಕ ಏರಿತ್ತು. ರಾತ್ರಿಯಿಡೀ ಬೆವರಿಳಿಸಿ, ಕೂದಲನ್ನೂ ಕತ್ತರಿಸಿದರು, ಆದರೂ ಇಳಿಯಲಿಲ್ಲ. ಅದರ ಹಿಂದಿನ ಶರೀರಶಾಸ್ತ್ರ ಹೀಗೆ: ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ತೂಕ ಇಳಿಸಲು ಬರಿದು ಮಾಡಿಕೊಂಡ ಮೈ, ಅನ್ನ ನೀರು ಕಂಡ ಕೂಡಲೇ ಎರಡನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಒಲಿಂಪಿಕ್ಸ್‌ನಲ್ಲಿ ವೈದ್ಯರು, ಆಹಾರತಜ್ಞರು ಬೆನ್ನಿಗಿದ್ದರು. ತೂಕದ ಮಿತಿ ಇರುವ ಊರ ಕಬಡ್ಡಿ ಪಂದ್ಯಕ್ಕಾಗಿ ಎರಡು ದಿನ ನೀರು ಬಿಟ್ಟು, ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು ಬಿಸಿಲಲ್ಲಿ ಓಡುವ ಹದಿನಾರರ ಹುಡುಗನ ಬೆನ್ನಿಗೆ ಯಾರೂ ಇಲ್ಲ. ಬೆಳೆಯುವ ವಯಸ್ಸಿನವರಿಗೆ ಇದನ್ನು ಮಾಡಿಸಲೇಬಾರದು, ಮೇಲಿನ ತೂಕದ ಗುಂಪಿನಲ್ಲಿ ಆಡಿಸಬೇಕು.

ಡಬ್ಬಗಳ ಸಂಗತಿ

ಇನ್ನು ಅಂಗಡಿಯ ಡಬ್ಬಗಳು. ಹಾಲಿನಿಂದ ತೆಗೆದ ವೇ ಪ್ರೋಟೀನ್ ವಿಷವೇನಲ್ಲ. ಒಳ್ಳೆಯ ಪ್ರೋಟೀನ್, ಅಷ್ಟೇ. ತೊಂದರೆ ಇರುವುದು ಡಬ್ಬದ ಮೇಲಿನ ಬರಹಕ್ಕೂ ಒಳಗಿನ ಪುಡಿಗೂ ಇರುವ ಅಂತರದಲ್ಲಿ. ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಶೇ 70ರಷ್ಟು ಪುಡಿಗಳ ಪ್ರೋಟೀನ್ ಪ್ರಮಾಣದ ವಿವರ ಸರಿ ಇರಲಿಲ್ಲ. ಕೆಲವುಗಳಲ್ಲಿ ಬರೆದಿದ್ದರ ಅರ್ಧದಷ್ಟೇ ಇತ್ತು. ಕೆಲವುಗಳಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಸಿಕ್ಕಿತು. ಇದಕ್ಕಿಂತ ಹಳೆಯ ಜರ್ಮನಿಯ ಕಲೋನ್ ಪ್ರಯೋಗಾಲಯದ ಅಧ್ಯಯನವೂ ಇದೆ. ಹಲವು ದೇಶಗಳಿಂದ ಕೊಂಡ 634 ಪೂರಕಗಳಲ್ಲಿ 94ರಲ್ಲಿ, ಎಂದರೆ ಶೇ 14.8ರಲ್ಲಿ, ಲೇಬಲ್ಲಿನ ಮೇಲೆ ಹೆಸರಿಲ್ಲದ ನಿಷೇಧಿತ ಹಾರ್ಮೋನು ಮೂಲದ ವಸ್ತುಗಳಿದ್ದವು. ಉದ್ದೀಪನ ತಡೆ ನಿಯಮದಲ್ಲಿ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಆಟಗಾರನನ್ನು ಪೂರ್ತಿ ಪಾರುಮಾಡದು. ಮೈಯಲ್ಲಿ ಸಿಕ್ಕಿದ್ದಕ್ಕೆಲ್ಲ ಅವನೇ ಹೊಣೆ. ರಾಜ್ಯ ಮಟ್ಟಕ್ಕೆ ಏರುವ ಕನಸಿರುವ ಮಗುವಿಗೆ ಜಿಮ್‌ನಲ್ಲಿ ಯಾರೋ ಬಿಡಿಯಾಗಿ ಅಳೆದು ಕೊಡುವ ಪುಡಿಯಷ್ಟು ದುಬಾರಿಯಾದದ್ದು ಬೇರೊಂದಿಲ್ಲ.

ಕಾಫಿಯ ಮಾತು ಬೇರೆ. ಕೆಫೀನ್ ಓಟಕ್ಕೆ ನಿಜಕ್ಕೂ ನೆರವಾಗುತ್ತದೆ, 2004ರಲ್ಲಿ ಅದನ್ನು ನಿಷೇಧಿತ ಪಟ್ಟಿಯಿಂದಲೂ ತೆಗೆದರು. ಆದರೆ ಕಾಫಿ ಊಟವಲ್ಲ, ಊಟದ ಜೊತೆಗಂತೂ ಅಲ್ಲವೇ ಅಲ್ಲ. ಈ ಮಾತು ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದು ಕಡಿಮೆಯಾದ ಹುಡುಗಿ ಎಷ್ಟೇ ಅಭ್ಯಾಸ ಮಾಡಿದರೂ ಎರಡನೆಯ ಸುತ್ತಿಗೇ ಏದುಸಿರು ಬಿಡುತ್ತಾಳೆ, ‘ಸೋಮಾರಿ’ ಎನಿಸಿಕೊಳ್ಳುತ್ತಾಳೆ. ಈ ಅನ್ಯಾಯ ಎಷ್ಟು ಮೈದಾನಗಳಲ್ಲಿ ನಡೆದಿದೆಯೋ! ನುಗ್ಗೆಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶ ಮೈಗೆ ಸುಲಭವಾಗಿ ಹತ್ತದು. ಜೊತೆಗೆ ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಹೆಚ್ಚು ಹತ್ತುತ್ತದೆ, ಊಟದ ಜೊತೆ ಕಾಫಿ ಟೀ ಕುಡಿದರೆ ಕಡಿಮೆಯಾಗುತ್ತದೆ. ಕಾಫಿ ಊಟಕ್ಕಿಂತ ಒಂದು ಗಂಟೆ ಆಚೀಚೆ ಇರಲಿ.

ಇನ್ನೊಂದು ವಿಷಯವನ್ನು ಮನೆಯವರು, ತರಬೇತುದಾರರು ಬಾಯಿಬಿಟ್ಟು ಆಡುವುದಿಲ್ಲ. ದುಡಿತಕ್ಕೆ ತಕ್ಕಷ್ಟು ತಿನ್ನದ ಮೈ ಖರ್ಚು ಕಡಿತ ಮಾಡಲು ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಈ ಸ್ಥಿತಿಗೆ ರೆಡ್‌–ಎಸ್ ಎಂದು ಹೆಸರಿಟ್ಟು, ಇದು ಗಂಡುಮಕ್ಕಳಲ್ಲೂ ಬರುತ್ತದೆ ಎಂದು ಎಚ್ಚರಿಸಿದರು. ಇದರಲ್ಲಿ ಮೂಳೆ ಸವೆಯುತ್ತದೆ, ಮೊಣಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ, ನೆಗಡಿ ಜ್ವರ ಬಿಡುವುದೇ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಒಟ್ಟು ಊಟವೇ ಸಾಲದಿದ್ದರೆ ರಾಗಿಯೊಂದೇ ಮೂಳೆಯನ್ನು ಕಾಯಲಾರದು. ಓಡುವ ಹುಡುಗಿಯ ಮುಟ್ಟು ಮೂರು ತಿಂಗಳು ನಿಂತರೆ ಅದನ್ನು ಆಟದಿಂದ ಬಂದ ಅನುಕೂಲ ಎಂದು ಸುಮ್ಮನಿರದೆ ವೈದ್ಯರ ಬಳಿಗೆ ಕರೆದೊಯ್ಯಬೇಕು, ಅವಳ ತಟ್ಟೆಗೆ ಇನ್ನೊಂದು ಹಿಡಿ ಅನ್ನ ಬೀಳಬೇಕು. ಅಣ್ಣನಿಗೆ ಎರಡು ಮೊಟ್ಟೆ, ತಂಗಿಗೆ ಒಂದು ಎಂದು ಬಡಿಸುವ ರೂಢಿಯೂ ನಿಲ್ಲಬೇಕು.

ಕೊಯಮತ್ತೂರಿನಲ್ಲಿ 1957ರಲ್ಲಿ ಶುರುವಾದ ಅವಿನಾಶಿಲಿಂಗಂ ಗೃಹವಿಜ್ಞಾನ ಕಾಲೇಜು ಇಂದು ವಿಶ್ವವಿದ್ಯಾಲಯವಾಗಿದೆ. ಅದನ್ನು ಬೆಳೆಸಿದ ರಾಜಮ್ಮಾಳ್ ಪಿ. ದೇವದಾಸ್ ಅವರು ಹಳ್ಳಿಯ ಮನೆಯಲ್ಲಿ ಸಿಗುವ ಆಹಾರದಿಂದಲೇ ಪೋಷಣೆ ಕಲಿಸಬೇಕೆಂದು ದುಡಿದವರು. ಆ ತಿಳಿವಳಿಕೆ ಮೂವತ್ತು ಕಿಲೋಮೀಟರ್ ಆಚೆಯ ಮೈದಾನಗಳಿಗೆ ವರ್ಷಕ್ಕೊಂದು ದಿನವಾದರೂ ಬರಬೇಕು: ತರಬೇತುದಾರರನ್ನೂ ತಾಯಂದಿರನ್ನೂ ಒಟ್ಟಿಗೆ ಕೂರಿಸಿ, ಅವರವರ ಭಾಷೆಯಲ್ಲೇ ಮಾತಾಡಿ. ಅಲ್ಲಿಯವರೆಗೆ ಮಾಡಲಾಗುವ ಕೆಲಸ ಒಂದಿದೆ. ಆಯ್ಕೆಗೆ ಓಡುವ ಪ್ರತಿ ಹುಡುಗಿಯ ಹಿಮೋಗ್ಲೋಬಿನ್ ಪರೀಕ್ಷೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ. ಅಭ್ಯಾಸ ಶುರುವಾಗುವ ವಾರದಲ್ಲೇ ಅದನ್ನು ಮಾಡಿಸಿ, ಕಡಿಮೆಯಿದ್ದರೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ಬಿಡದೆ ನುಂಗಿಸಿ, ಮತ್ತೊಮ್ಮೆ ಪರೀಕ್ಷಿಸಿದ ಮೇಲೆ ವೇಗದ ಸುತ್ತುಗಳನ್ನು ಏರಿಸುವುದು.